ಬಾಳಪ್ಪನ ನೆರಳಿನ ಪಥ್ಯ

ನಮ್ಮ ಊರಿನಲ್ಲಿ ಗಿಡಮರ ಇಲ್ಲ. ಹಾಗಂತ ನಾವು ನೆಡಲಿಲ್ಲ ಅಂತಲ್ಲ. ನಮ್ಮ ಹಿರಿಯರು ಬೇವು ನೆಟ್ಟರು, ಹುಣಸೆ ನೆಟ್ಟರು, ಒಬ್ಬರಂತೂ ಎಲ್ಲಿಂದಲೋ ಆಲದ ಕೊಂಬೆಯನ್ನೇ ಹೆಗಲ ಮೇಲೆ ಹೊತ್ತು ತಂದು ನೆಟ್ಟರು. ಎಲ್ಲವೂ ಮೊಣಕಾಲೆತ್ತರಕ್ಕೆ ಬಂದವು, ಸುತ್ತ ಓಡಾಡುವ ಜನರ ನೆರಳನ್ನು ಒಮ್ಮೆ ನೋಡಿದವು, ಇನ್ನು ನಮಗಿಲ್ಲಿ ಏನು ಕೆಲಸ ಎಂದು ಒಣಗಿಹೋದವು. ಅವುಗಳನ್ನು ಬೈಯುವ ಹಾಗೂ ಇಲ್ಲ. ನಮ್ಮಲ್ಲಿ ಉಂಡದ್ದು ಮೈಗೆ ಹತ್ತುವುದಿಲ್ಲ, ನೆರಳಿಗೆ ಹತ್ತುತ್ತದೆ.

ಹೀಗಾಗಿ ನಮ್ಮೂರಿನ ಜನರೆಲ್ಲ ನೋಡಲಿಕ್ಕೆ ಊದುಬತ್ತಿಯ ಹಾಗೆ. ಕನ್ಯೆ ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಅವಳನ್ನು ಅಂಗಳಕ್ಕೆ ಕರೆದು ಬಿಸಿಲಿಗೆ ನಿಲ್ಲಿಸುತ್ತಾರೆ. ನೆರಳು ದಟ್ಟವಾಗಿದ್ದರೆ ಉಣ್ಣುವ ಮನೆತನ ಎಂದು ಅರ್ಥ. ಬಸ್ಸು ತುಂಬಿದಾಗ ಕಂಡಕ್ಟರು ದೊಡ್ಡ ನೆರಳಿನವರಿಗೆ, ನೆರಳನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಳ್ಳಿ ಎನ್ನುತ್ತಾನೆ. ಸೂರ್ಯ ಮೂಡಣದಲ್ಲಿದ್ದಾನೋ ನೆತ್ತಿಯ ಮೇಲಿದ್ದಾನೋ ಎಂಬುದಕ್ಕೆ ನಮ್ಮ ನೆರಳುಗಳು ಅಷ್ಟಾಗಿ ಬೆಲೆ ಕೊಡುವುದಿಲ್ಲ. ಉಂಡವರ ಗತ್ತು ಅವುಗಳದು. ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡವನ ನೆರಳು ಕಂಬಳಿ ಹಾಸಿದ ಹಾಗೆ ಬೀಳುತ್ತದೆ. ತುಪ್ಪ ಸುರಿದ ಹೋಳಿಗೆಯ ನೆರಳು ಬಲು ತಂಪು, ಆದರೆ ತುಸು ಜಾರುತ್ತದೆ, ವಯಸ್ಸಾದವರು ಹುಷಾರಾಗಿ ಕಾಲಿಡಬೇಕು. ನಾನು ಬಜಾರದ ಮೂಲೆಯಲ್ಲಿ ಮಿರ್ಚಿ ಭಜಿ ಕರಿಯುವವನು. ನನ್ನ ಭಜಿ ತಿಂದವರ ನೆರಳಿನಲ್ಲಿ ಕೂತರೆ ಬೆವರು ಬರುತ್ತದೆ ಎಂದು ಕೆಲವರ ದೂರಿದೆ. ಅದು ಸುಳ್ಳು. ಒಂದು ತಟ್ಟೆಗಿಂತ ಹೆಚ್ಚು ತಿಂದವರ ನೆರಳಿನಲ್ಲಿ ಮಾತ್ರ.

ಕಾಯಿಪಲ್ಲೆ ಬಜಾರಕ್ಕೆ ನೆರಳು ಕೊಡುವವನು ಬಾಳಪ್ಪ. ಅವನ ಕೆಲಸ ಉಂಡು ನಿಲ್ಲುವುದು. ಇದು ಸುಲಭದ ಕೆಲಸ ಎಂದು ತಿಳಿಯಬೇಡಿ. ಇಬ್ಬರು ಮಾಡಿ ನೋಡಿದರು, ಒಬ್ಬ ಉಂಡು ಮಲಗಿಬಿಟ್ಟ, ಇನ್ನೊಬ್ಬ ನಿಂತ, ಆದರೆ ಉಣ್ಣಲಾರದೆ ಹೋದ. ಬಾಳಪ್ಪ ಮುಂಜಾನೆ ಬಂದು ಬಜಾರದ ನಡುವಿನ ಕಟ್ಟೆ ಏರುತ್ತಾನೆ. ಮಾರುವ ಹೆಂಗಸರು ಒಬ್ಬೊಬ್ಬರಾಗಿ ಬುತ್ತಿ ಬಿಚ್ಚಿ ಅವನಿಗೆ ಕೊಡುತ್ತಾರೆ. ಒಬ್ಬರದು ರೊಟ್ಟಿ, ಒಬ್ಬರದು ಝುಣಕ, ಒಬ್ಬರದು ಶೇಂಗಾ ಹಿಂಡಿ. ಲಿಂಬೆಹಣ್ಣು ಮಾರುವ ಹಸೀನಾಬಿ ಮಾಂಸದ ಸಾರು ತಂದ ದಿನ ನೆರಳು ಬಜಾರ ದಾಟಿ ಪೊಲೀಸ್ ಚೌಕಿಯವರೆಗೂ ಹೋಗಿ, ಹವಾಲ್ದಾರರು ಅದರಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆ ನೆರಳಿನ ಅತಿ ತಂಪಾದ ಭಾಗ, ಅಂದರೆ ಬಾಳಪ್ಪನ ಹೊಟ್ಟೆಯ ನೆರಳು ಬೀಳುವ ಜಾಗ, ಗದಿಗೆವ್ವನದು. ಅವಳು ಸೊಪ್ಪು ಮಾರುವವಳು. ಮೆಂತ್ಯೆ, ಸಬ್ಬಸಿಗೆ, ರಾಜಗಿರಿ. ಸೊಪ್ಪಿಗೆ ಬಿಸಿಲು ತಾಗಿದರೆ ಗಳಿಗೆಯಲ್ಲಿ ತಲೆ ಬಾಗಿಸುತ್ತದೆ, ಗದಿಗೆವ್ವನಿಗೆ ಅದಕ್ಕಿಂತ ಬೇಗ ಸಿಟ್ಟು ಬರುತ್ತದೆ. ಹೀಗಾಗಿ ಆ ಜಾಗ ಬೇರೆ ಯಾರೂ ಕೇಳಿದ್ದಿಲ್ಲ.

ಬಾಳಪ್ಪನಿಗೆ ಒಬ್ಬಳೇ ಮಗಳು, ಕಸ್ತೂರಿ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳಿಗೆ ಒಳ್ಳೆಯ ಮನೆತನ ಸಿಕ್ಕಿತು, ಒಳ್ಳೆಯ ಹುಡುಗ ಸಿಕ್ಕ, ಆದರೆ ಮನೆ ಸಿಕ್ಕಿದ್ದು ಸೂಜಿ ಓಣಿಯಲ್ಲಿ. ಸೂಜಿ ಓಣಿ ಎಷ್ಟು ಇಕ್ಕಟ್ಟೆಂದರೆ ಎದುರುಬದುರು ಮನೆಯವರು ಜಗಳಾಡುವಾಗ ಕೈ ಬೀಸಲು ಸರದಿ ಹಚ್ಚುತ್ತಾರೆ. ಮದುವೆಯ ದಿನ ಬಾಳಪ್ಪ ಮುಂದೆ, ಬ್ಯಾಂಡಿನವರು ಹಿಂದೆ, ಓಣಿಯೊಳಗೆ ನಡೆದರು. ಬಾಳಪ್ಪ ಹೋದ, ನೆರಳು ಹೋಗಲಿಲ್ಲ. ಎರಡೂ ಗೋಡೆಗಳ ನಡುವೆ ಬಾಟಲಿಗೆ ಬಿರಡೆ ಹಾಕಿದ ಹಾಗೆ ಸಿಕ್ಕಿಕೊಂಡಿತು. ಹಗ್ಗ ಬಿಗಿದ ಕರುವಿನ ಹಾಗೆ ಅವನು ಅಲ್ಲೇ ಜಗ್ಗಾಡಿದ. ಕೊನೆಗೆ ಬ್ಯಾಂಡಿನವರೇ ಹಿಂದಿನಿಂದ ಎಳೆದು ತೆಗೆದರು. ಮಗಳ ತಲೆಯ ಮೇಲೆ ಬೀಳಬೇಕಾದ ಅಕ್ಕಿಕಾಳನ್ನು ಅವನು ಓಣಿಯ ಬಾಯಲ್ಲಿ ನಿಂತು ಮಾಳಿಗೆಗಳ ಮೇಲೆ ಎಸೆದ. ಕೋಳಿಗಳು ತಿಂದವು.

ಕತ್ತಲಾದ ಮೇಲೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೀಗರ ಮನೆಗೆ ಕತ್ತಲಲ್ಲಿ ಹೋಗುವುದು ಕಳ್ಳರು ಮಾತ್ರ. ಬಾಳಪ್ಪ ಮರ್ಯಾದಸ್ಥ.

ಈಗ ಕಸ್ತೂರಿಗೆ ಹೆಣ್ಣು ಕೂಸು ಹುಟ್ಟಿತ್ತು. ತಾಯಿಯಿಲ್ಲದ ತವರೆಂದು ಬಾಣಂತನವನ್ನು ಬೀಗರೇ ಇಟ್ಟುಕೊಂಡಿದ್ದರು. ಆದರೆ ತೊಟ್ಟಿಲು ತವರಿನಿಂದಲೇ ಹೋಗಬೇಕು, ಕೂಸನ್ನು ಅದರಲ್ಲಿ ಹಾಕುವವನು ತಾಯಿಯ ತಂದೆಯೇ ಆಗಬೇಕು, ಹೆಸರಿಡದ ಕೂಸು ಹೊಸ್ತಿಲು ದಾಟಬಾರದು. ಕಸ್ತೂರಿ ಗಂಡನ ಕೈಯಲ್ಲಿ ಹೇಳಿ ಕಳಿಸಿದ್ದಳು: "ಅಪ್ಪ ಬಂದು ತೊಟ್ಟಿಲದಾಗ ಹಾಕೋತನಕ ನಾ ಕೂಸಿಗೆ ಹೆಸರ ಇಡೂದುಲ್ಲ." ಅವಳ ಅತ್ತೆ ಅದೇ ಮಗನ ಕೈಯಲ್ಲಿ ಬೇರೆ ಹೇಳಿ ಕಳಿಸಿದ್ದರು: "ಹುಣ್ಣಿಮಿ ದಿನ ಹೆಸರ ಇಟ್ಟ ಇಡತೀವಿ. ಬೀಗರು ಬಂದ್ರ ಚಲೋ, ಬರದಿದ್ರ ತೊಟ್ಟಿಲಾ ಕಳಸ್ಲಿ." ಅಲ್ಲಿಯವರೆಗೆ ಆ ಮನೆಯಲ್ಲಿ ಕೂಸನ್ನು ಎಲ್ಲರೂ 'ಇದು' ಎಂದು ಕರೆಯುತ್ತಿದ್ದರು.

ಪುಸ್ತಕ ಬಂದದ್ದು ಆ ಹೊತ್ತಿಗೆ. ನಾನು ಭಜಿ ಕಟ್ಟಿಕೊಡಲು ರದ್ದಿ ತರಿಸಿದ್ದೆ, ಅದರಲ್ಲಿತ್ತು. 'ಮಿತವೇ ಹಿತ, ಹಸಿರೇ ಉಸಿರು' ಎಂದು ಹೆಸರು. ಬರೆದವರ ಹೆಸರು ಹೇಳಲಾರೆ. ಹೆಸರಿದ್ದ ಪುಟದಲ್ಲಿ ಆಗಲೇ ಯಾರಿಗೋ ಭಜಿ ಕಟ್ಟಿಕೊಟ್ಟಾಗಿತ್ತು. ಯಾರೇ ಆಗಲಿ, ನಮ್ಮೂರಿನವರಂತೂ ಅಲ್ಲ. ಮೂರನೆಯ ಪುಟ ಬಾಳಪ್ಪನ ಪಾಲಿಗೆ ಬಂತು. ಅವನು ಭಜಿ ತಿಂದು ಮುಗಿಸಿ, ಎಣ್ಣೆಯಲ್ಲಿ ತೊಯ್ದ ಹಾಳೆಯನ್ನು ಬಿಸಿಲಿಗೆ ಹಿಡಿದು ಓದಿದ.

"ದುಂಡಣ್ಣಾ, ಇದರಾಗ ನಿನ್ನ ಸುದ್ದಿ ಬರದಾರಲ್ಲೊ," ಎಂದ.

"ಏನಂತ?"

"'ಕರಿದ ಪದಾರ್ಥವು ಸ್ನೇಹಿತನ ವೇಷದ ಶತ್ರು. ಅದು ನಗುತ್ತ ಬಂದು ಕೊರಳು ಹಿಸುಕುತ್ತದೆ.'"

"ನಾ ಎಂದರ ಭಜಿ ಕೊಡುವಾಗ ನಕ್ಕೀನೇನು?"

ಬಾಳಪ್ಪ ಬಹಳ ಹೊತ್ತು ಯೋಚಿಸಿ, ಇಲ್ಲ ಎಂದ. ವ್ಯಾಪಾರದಲ್ಲಿ ನಗುವ ಚಟ ನನಗಿಲ್ಲ. ಆದರೆ ಅವನ ಕಣ್ಣು ಮುಂದಿನ ಸಾಲಿಗೆ ಹೋಗಿತ್ತು. 'ಈ ಗ್ರಂಥವನ್ನು ಅನುಸರಿಸಿದವರು ತಾವು ಹೊತ್ತು ತಿರುಗುವ ಹೊರೆಯಿಂದ ಕೆಲವೇ ದಿನಗಳಲ್ಲಿ ಮುಕ್ತರಾಗುತ್ತಾರೆ.' ಅವನು ತಿರುಗಿ ತನ್ನ ಹಿಂದೆ ಬಜಾರದ ತುಂಬ ಹರಡಿದ್ದ ಹೊರೆಯನ್ನು ನೋಡಿದ. ಪುಸ್ತಕದ ಉಳಿದ ಭಾಗ ಕೊಡು ಎಂದು ಕೇಳಿದ. ಓದಿ ವಾಪಸು ಕೊಡಬೇಕು, ನನಗೆ ಕಾಗದದ ಕೊರತೆ ಇದೆ ಎಂದು ಹೇಳಿ ಕೊಟ್ಟೆ.

ಮರುದಿನದಿಂದ ಅವನು ರೊಟ್ಟಿ ಮುಟ್ಟಲಿಲ್ಲ. ಹೆಂಗಸರು ಬುತ್ತಿ ಚಾಚಿದರೆ ಕೈ ಅಡ್ಡ ಹಿಡಿದು, "ಒಲ್ಲೆನ್ರೆವಾ, ನಂದು ಪಥ್ಯ ನಡದೈತಿ," ಎಂದ. ಪಥ್ಯವೆಂದರೆ ಸೌತೆಕಾಯಿ, ಮೊಳಕೆ ಹೆಸರುಕಾಳು, ಮತ್ತು ಪುಸ್ತಕ ಪುಟಪುಟಕ್ಕೂ ಹೊಗಳಿದ್ದ ಹಸಿ ಸೊಪ್ಪು. ಮೊದಲು ಖುಷಿಯಾದವಳು ಗದಿಗೆವ್ವನೇ. ತನ್ನ ಸರಕನ್ನು ಯಾರೋ ಅಚ್ಚು ಹಾಕಿಸಿ ಹೊಗಳಿದ್ದಾರೆಂದು ಅವಳು ಊರಿಗೆಲ್ಲ ಹೇಳಿದಳು.

"ಶ್ಯಾಣ್ಯಾ ಮನಷ್ಯಾ ಬರದಾನ ನೋಡು," ಎಂದು ಸಬ್ಬಸಿಗೆಯ ಕಟ್ಟನ್ನೇ ಬಾಳಪ್ಪನ ಕೈಗಿಟ್ಟಳು. "ತಿನ್ನು ಬಾಳ್ಯಾ. ಬೇರು ತಗದು ತಿನ್ನು, ಎತ್ತಿನಂಗ ಪೂರಾ ನುಂಗಬ್ಯಾಡ."

"ಅಕ್ಕಾ, ಇದು ಮೂವತ್ತೆರಡು ಸಲ ಅಗೀಬೇಕಂತ."

"ನಿನಗ ಮೂವತ್ತೆರಡು ಹಲ್ಲರ ಎಲ್ಲಿ ಅದಾವೋ? ಇದ್ದಷ್ಟು ಅಗಿ."

ಕೆಲವು ದಿನ ಏನೂ ತಿಳಿಯಲಿಲ್ಲ. ಆಮೇಲೆ ಒಂದು ಮುಂಜಾನೆ ಹಸೀನಾಬಿ ಲಿಂಬೆಹಣ್ಣಿನ ಬುಟ್ಟಿಯನ್ನು ಒಂದು ಮೊಳ ಆಚೆ ಸರಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಈಚೆ ಸರಿಸಿದಳು. ಏನೆಂದು ನೋಡಿದರೆ ಅವಳ ಬುಟ್ಟಿಯ ಮೇಲೆ ದುಂಡನೆಯ ಬಿಸಿಲು ಬಿದ್ದಿತ್ತು. ಬಾಳಪ್ಪನ ನೆರಳಿಗೆ ತೂತು ಬಿದ್ದಿತ್ತು. ಸೌತೆಕಾಯಿ ತಿಂದದ್ದು ಹೋಳು ಹೋಳಾಗಿ ತೂತಾಗಿತ್ತು, ಮೊಳಕೆಕಾಳು ಸಣ್ಣ ಸಣ್ಣ ಕಿಂಡಿಗಳಾಗಿತ್ತು, ಸಬ್ಬಸಿಗೆ ತಿಂದ ಕಡೆಯೆಲ್ಲ ಸಬ್ಬಸಿಗೆಯ ಹಾಗೇ ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ಎಲ್ಲಕ್ಕಿಂತ ಜಾಳುಜಾಳಾದದ್ದು ಹೊಟ್ಟೆಯ ಜಾಗ. ಗದಿಗೆವ್ವನ ಮೆಂತ್ಯೆ ಮಧ್ಯಾಹ್ನಕ್ಕೆ ಮೊದಲೇ ಬಾಡಿತು. ರಾಜಗಿರಿ ಕೊರಳು ಚೆಲ್ಲಿತು. ಹವಾಲ್ದಾರರು ಕುರ್ಚಿ ಎತ್ತಿಕೊಂಡು ಚೌಕಿಯ ಒಳಗೆ ಹೋಗಿ ಕೆಲಸ ಮಾಡಬೇಕಾಗಿ ಬಂತು, ಅದಕ್ಕೆ ಊರವರು ಬಹಳ ನೊಂದುಕೊಂಡರು.

"ಬಾಳಣ್ಣಾ, ನಿನ್ನ ನೆರಳ ಜರಡಿ ಆಗೈತಿ," ಎಂದಳು ಹಸೀನಾಬಿ. "ಹಿಟ್ಟ ಸಾಣಿಸಾಕ ಬರತೈತಿ, ಕುಂದ್ರಾಕ ಬರಂಗಿಲ್ಲ."

"ಇರ್ಲಿ ಬಿಡ್ರೆವಾ. ಓಣ್ಯಾಗ ಹೋಗಿ ಬಂದ್ರ ಸಾಕು. ಆಮ್ಯಾಲ ಮೊದಲಿನಂಗ ಉಂತೀನಿ."

ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಬಿಸಿಲಿನಲ್ಲೇ ಮಾರಿದರು. ಹುಣ್ಣಿಮೆಗೆ ಎರಡು ದಿನ ಇರುವಾಗ, ಒಂದು ಸಲ ನೋಡಿಯೇ ಬಿಡೋಣ ಎಂದು ನಾವೆಲ್ಲ ಬಾಳಪ್ಪನನ್ನು ಕರೆದುಕೊಂಡು ಸೂಜಿ ಓಣಿಗೆ ಹೋದೆವು. ಬಾಳಪ್ಪ ಉಸಿರು ಬಿಗಿಹಿಡಿದು ಒಳಗೆ ನಡೆದ. ನೆರಳು ಗೋಡೆಗೆ ತಾಗಿತು, ಮತ್ತೆ ಸಿಕ್ಕಿಕೊಂಡಿತು. ಆಗ ನಮಗೆ ತಿಳಿಯಿತು: ಪಥ್ಯದಿಂದ ನೆರಳು ತೆಳುವಾಗಿತ್ತೇ ಹೊರತು ಅಗಲ ಒಂದು ಗೇಣೂ ಇಳಿದಿರಲಿಲ್ಲ. ಮೇಲಾಗಿ ಈ ಸಲ ಬೇರೆ ತೊಡಕು. ಎಮ್ಮೆ ಕಟ್ಟುವ ಗೂಟವೊಂದು ಗೋಡೆಯಲ್ಲಿತ್ತು, ಅದು ಸೌತೆಕಾಯಿಯ ತೂತಿನಲ್ಲಿ ಸರಿಯಾಗಿ ಹೊಕ್ಕಿತು. ಎಳೆದರೆ ನೆರಳು ಹರಿಯುತ್ತದೆ, ಬಿಟ್ಟರೆ ಬಾಳಪ್ಪ ಅಲ್ಲೇ ಉಳಿಯುತ್ತಾನೆ. ಗದಿಗೆವ್ವ ಗುಂಡಿ ಬಿಚ್ಚುವ ಹಾಗೆ ತೂತನ್ನು ಗೂಟದಿಂದ ಮೆಲ್ಲಗೆ ಬಿಡಿಸಿದಳು. ಓಣಿಯ ಆ ತುದಿಯಿಂದ ಕೂಸು ಅಳುವುದು ಕೇಳಿಸುತ್ತಿತ್ತು. ಬಾಳಪ್ಪ ಕಿವಿ ಕೊಟ್ಟು ನಿಂತ.

"ದನಿ ನಮ್ಮ ಕಸ್ತೂರಿದ ಐತಿ," ಎಂದ.

ಬಜಾರಕ್ಕೆ ವಾಪಸು ಬಂದಾಗ ಬುಟ್ಟಿಯಲ್ಲಿ ಬಿಟ್ಟುಹೋಗಿದ್ದ ಸೊಪ್ಪು ಒಣಹುಲ್ಲಾಗಿತ್ತು. ಗದಿಗೆವ್ವ ಅದನ್ನು ಎತ್ತಿ ದಾರಿಯ ಆಡಿಗೆ ಹಾಕಿದಳು. ಆಡು ಮೂಸಿ ನೋಡಿ ಮುಂದೆ ಹೋಯಿತು. ಅವಳ ಸಿಟ್ಟಿಗೆ ಅದೇ ಸಾಕಾಯಿತು.

"ನಾಳಿಂದ ನಾ ಹಳ್ಳದಾಚಿ ಊರಿಗೆ ಹೊಕ್ಕೀನಿ. ಅಲ್ಲಿ ಹುಣಚಿಮರ ಐತಂತ. ಮರ ಪುಸ್ತಕ ಓದೂದುಲ್ಲ," ಎಂದಳು.

ಬಾಳಪ್ಪ ಕಟ್ಟೆಯಿಂದ ಇಳಿದು ಅವಳ ಬುಟ್ಟಿಯ ಎದುರು ಕುಕ್ಕುರುಗಾಲಲ್ಲಿ ಕೂತ. "ಹೋಗಬ್ಯಾಡ ಅಕ್ಕಾ. ಎಲ್ಲಿ ಐತಿ ನಿನ್ನ ರೊಟ್ಟಿ, ತಾ. ನಾಳಿಂದ ಉಂಡು ನಿಂದರತೀನಿ. ತೊಟ್ಟಿಲಾ ಅಳಿಯನ ಕೂಡ ಕಳಸಿದ್ರಾತು. ಕೂಸು ನಡಿಯಂಗ ಆದಮ್ಯಾಲ ತಾನ ಬಂದು ನೋಡತೈತಿ ನನ್ನ."

ಇದನ್ನು ಅವನು ಅಳದೆ ಹೇಳಿದ. ಅದೇ ಹೆಚ್ಚು ತೊಂದರೆ ಕೊಟ್ಟಿತು. ಗದಿಗೆವ್ವ ರೊಟ್ಟಿಯ ಗಂಟಿಗೆ ಕೈ ಹಾಕಿದಳು, ಬಿಚ್ಚಲಿಲ್ಲ. ಅವನ ಮುಖ ನೋಡಿದಳು, ಜರಡಿಯಾದ ನೆರಳು ನೋಡಿದಳು, ನನ್ನ ಕಡೆ ತಿರುಗಿದಳು.

"ದುಂಡ್ಯಾ, ಆ ಪುಸ್ತಕ ತಂದು ಓದು. ಮೊದಲಿಂದ ಪೂರಾ ಓದು. ಬೈಯೂದಿದ್ರ ಪೂರಾ ಕೇಳಿ ಬೈಬೇಕು."

ಹೀಗೆ ನಮ್ಮ ಬಜಾರದಲ್ಲಿ ಒಂದು ಗ್ರಂಥ ವಿಮರ್ಶೆ ಶುರುವಾಯಿತು. ನಾನು ಈ ಪುಸ್ತಕದ ಬಗ್ಗೆ ಪೂರ್ತಿ ನಿಷ್ಪಕ್ಷಪಾತಿಯಾಗಿದ್ದೆ. ನನ್ನ ಕಸುಬನ್ನು ಅದು ಏಳು ಕಡೆ ಬೈದಿತ್ತು ಎಂಬುದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಓದಿದೆ. 'ಊಟಕ್ಕೆ ಕೂರುವ ಮುನ್ನ, ನಿನಗೆ ನಿಜವಾಗಿ ಹಸಿವಿದೆಯೇ ಎಂದು ನಿಮ್ಮ ಹೊಟ್ಟೆಯನ್ನು ಕೇಳಿ.'

"ನಮ್ಮ ಹೊಟ್ಟಿ ಕೇಳೂಕಿಂತ ಮೊದಲ ಹೇಳತೈತಿ," ಎಂದಳು ಹಸೀನಾಬಿ. "ಇಂವನ ಹೊಟ್ಟಿ ಮೂಕ ಇರಬೇಕು. ಮುಂದ ಓದು."

'ನಿಮ್ಮ ತಟ್ಟೆಯಲ್ಲಿ ಕಾಮನಬಿಲ್ಲಿನ ಏಳೂ ಬಣ್ಣ ಇರಲಿ.'

"ನೀಲಿ ಬಣ್ಣದ್ದು ಏನ ತಿನ್ನಬೇಕಂತ? ಬಟ್ಟಿಗೆ ಹಾಕೂ ನೀಲಿ?"

'ಏಕಾಂತದಲ್ಲಿ, ಮೌನವಾಗಿ, ಆಹಾರದ ಮೇಲೇ ಧ್ಯಾನವಿಟ್ಟು ಉಣ್ಣಿ.'

ಪಾಪ, ಆ ಮನುಷ್ಯನಿಗೆ ಯಾರೂ ಇಲ್ಲವೆಂದು ಕಾಣುತ್ತದೆ ಎಂದು ಎಲ್ಲರಿಗೂ ಕೆಡುಕೆನಿಸಿತು. ಗದಿಗೆವ್ವ ಮಾತ್ರ ಕರಗಲಿಲ್ಲ.

"ಸೊಪ್ಪ ತಿನ್ರಿ ಸೊಪ್ಪ ತಿನ್ರಿ ಅಂತ ಇಷ್ಟ ಸಲ ಬರದಾನಲ್ಲ, ಸೊಪ್ಪು ಮಾರಾಕಿ ಎಲ್ಲಿ ಕುಂದರಬೇಕು ಅಂತ ಒಂದ ಕಡಿಗರ ಬರದಾನೇನು? ಎಲ್ಲಾರೂ ಇಂವ ಹೇಳಿದಂಗ ಸೊಪ್ಪ ತಿಂದ್ರ ಎಲ್ಲಾರ ನೆರಳೂ ತೂತು. ನೆರಳ ತೂತಾದ್ರ ಸೊಪ್ಪ ಒಣಗತೈತಿ. ಸೊಪ್ಪ ಒಣಗಿದ್ರ ಏನ ತಿಂತಾನ? ತನ್ನ ಪುಸ್ತಕಾ ತಿಂತಾನ?"

ನಾನು ಕಳೆದ ಕೆಲವು ವರ್ಷಗಳಲ್ಲಿ ಪೇಪರಿನಲ್ಲಿ ಬರುವ ವಿಮರ್ಶೆಗಳನ್ನೆಲ್ಲ ಓದಿದ್ದೇನೆ. ಭಜಿ ಕಟ್ಟುವ ಮೊದಲು ಒಮ್ಮೆ ಕಣ್ಣಾಡಿಸುವ ಅಭ್ಯಾಸ. ಇಷ್ಟು ನೇರವಾದದ್ದನ್ನು ಎಲ್ಲಿಯೂ ಓದಿರಲಿಲ್ಲ. ಪುಸ್ತಕದ ಪರವಾಗಿ ಹೇಳಲು ನನ್ನ ಹತ್ತಿರ ಒಂದೇ ಮಾತಿತ್ತು, ಅದರ ಕಾಗದ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ, ಆ ಮಟ್ಟಿಗೆ ಆರೋಗ್ಯಕ್ಕೆ ಒಳ್ಳೆಯದು. ಅದನ್ನು ಹೇಳಿ ಕೊನೆಯ ಅಧ್ಯಾಯಕ್ಕೆ ಬಂದೆ. ಅದರ ಹೆಸರು 'ವರ್ಜ್ಯಗಳು'. ಬಿಡಬೇಕಾದ ಪದಾರ್ಥಗಳ ಹೆಸರನ್ನು ಲೇಖಕರು ಒಂದೇ ಉಸಿರಿನಲ್ಲಿ ಹೇಳಿಕೊಂಡು ಹೋಗಿದ್ದರು. ಭಜಿ, ಬೂಂದಿ, ಹೋಳಿಗೆ, ಕರಿಗಡಬು, ಶಾವಿಗೆ ಪಾಯಸ.

"ತಡಿ," ಎಂದಳು ಗದಿಗೆವ್ವ. "ಶಾವಿಗಿ ಯಾಕ ಬ್ಯಾಡಂತ?"

"ಯಾಕಂತ ಬರದಿಲ್ಲ. ಬ್ಯಾಡ ಅಂತ ಅಷ್ಟ ಐತಿ."

"ಇಂವ ತಿನ್ನು ಅಂದದ್ದು ತಿಂದು ಬಾಳ್ಯಾನ ನೆರಳ ಜರಡಿ ಆತು. ಹಂಗಾರ ಬ್ಯಾಡ ಅಂದದ್ರಾಗ ಏನರ ಇರಬೇಕು." ಅವಳು ಕಣ್ಣು ಮುಚ್ಚಿ ನೆನಪಿಸಿಕೊಂಡಳು. "ಹಸೀನಾ, ನಮ್ಮ ಕಡೆ ಮದುಮಕ್ಕಳಿಗೆ ಶಾವಿಗಿ ಉಣಸತಾರಲ್ಲ. ಮರುದಿನ ಅವರು ದೇವರಿಗೆ ಹೋಗುವಾಗ ನೆರಳ ಹೆಂಗ ಇರತೈತಿ?"

ಹಸೀನಾಬಿ ಲಿಂಬೆಹಣ್ಣು ಒರೆಸುವುದನ್ನು ನಿಲ್ಲಿಸಿದಳು. "ಉದ್ದ," ಎಂದಳು. "ಅವರು ಗುಡಿ ಮುಟ್ಟಿದ್ರೂ ನೆರಳಿನ ಬಾಲ ಇನ್ನೂ ಮನಿ ಕಟ್ಟಿ ಮ್ಯಾಲ ಇರತೈತಿ. ನಮ್ಮ ಈದಿನ ದಿನಾನೂ ಹಂಗ. ನಾವು ಹಬ್ಬದ ಖುಷಿಗೆ ಹಂಗ ಆಗತೈತಿ ಅಂತ ತಿಳಕೊಂಡಿದ್ವಿ."

"ಉದ್ದ ಅಷ್ಟ ಅಲ್ಲ," ಎಂದಳು ಗದಿಗೆವ್ವ. "ಸಣ್ಣ."

ಆಮೇಲೆ ಬಜಾರದಲ್ಲಿ ಯಾರೂ ವ್ಯಾಪಾರ ಮಾಡಲಿಲ್ಲ. ಊರಿನ ಮನೆ ಮನೆಯಿಂದ ಶಾವಿಗೆ ಮಣೆ ಹೊರಬಂದವು. ಹೆಂಗಸರು ಹಿಟ್ಟು ನಾದಿ, ಎಳೆದು, ಹಗ್ಗದ ಮೇಲೆ ಸೀರೆಗೆ ಬದಲು ಶಾವಿಗೆ ಒಣಹಾಕಿದರು. ಬಾಳಪ್ಪನ ಜರಡಿ ನೆರಳಿನಿಂದಾಗಿ ಬಿಸಿಲಿಗೇನೂ ಕೊರತೆ ಇರಲಿಲ್ಲ, ಬೇಗ ಒಣಗಿದವು. ನಾನು ನನ್ನ ಬಾಣಲೆಯ ಎಣ್ಣೆ ಚೆಲ್ಲಿ, ತೊಳೆದು, ಹಾಲು ಕಾಯಿಸಲು ಕೊಟ್ಟೆ. ಪಾಯಸದಲ್ಲಿ ಸ್ವಲ್ಪ ಮೆಣಸಿನಕಾಯಿಯ ಘಾಟು ಇತ್ತು ಎಂದು ಆಮೇಲೆ ಕೆಲವರು ಅಂದರು. ಬಿಟ್ಟಿ ಬಾಣಲೆ ಕೊಟ್ಟವನಿಗೆ ಇಷ್ಟಾದರೂ ಮಾತು ಬರಲೇಬೇಕು.

ಹುಣ್ಣಿಮೆಯ ಮುಂಜಾನೆ ಬಾಳಪ್ಪ ಕಟ್ಟೆಯ ಮೇಲೆ ಕೂತು ಉಣ್ಣಲು ಶುರುಮಾಡಿದ. ಮೊದಲನೆಯ ಬೋಗುಣಿಗೆ ನೆರಳಿನ ತೂತು ಮುಚ್ಚಿದವು. ಎರಡನೆಯದಕ್ಕೆ ಅದರ ಅಂಚುಗಳು ಒಳಗೆ ಸರಿಯತೊಡಗಿದವು, ಹೊಸೆದ ಬತ್ತಿಯ ಹಾಗೆ. ಮೂರನೆಯದಕ್ಕೆ ತುದಿ ಹೊರಟಿತು. ನನ್ನ ಅಂಗಡಿ ದಾಟಿತು, ಚೌಕಿ ದಾಟಿತು, ಬಸ್ಸು ನಿಲ್ಲುವ ಜಾಗದಲ್ಲಿ ಒಬ್ಬರ ಕಾಲಿಗೆ ತೊಡರಿ, ಊರ ಹೊರಗಿನ ಹಳ್ಳದ ದಾರಿ ಹಿಡಿಯಿತು. ಅಷ್ಟರಲ್ಲಿ ಹವಾಲ್ದಾರರು ಓಡಿಹೋಗಿ ಅದನ್ನು ಹಿಡಿದು ತಂದರು. ಅವರು ಓಡಿದ್ದನ್ನು ಊರು ಮೊದಲ ಸಲ ನೋಡಿತು. ಬಾಳಪ್ಪ ಎದ್ದು ನಿಂತಾಗ ಅವನ ನೆರಳು ಬಾವಿ ಹಗ್ಗದಷ್ಟು ದಪ್ಪ, ಕಪ್ಪಗೆ, ಗಟ್ಟಿಯಾಗಿತ್ತು.

"ಅಕ್ಕಾ, ಓಣಿಗೇನೋ ಹೊಂದತೈತಿ," ಎಂದ ಬಾಳಪ್ಪ. "ನಿನ್ನ ಬುಟ್ಟಿಗೆ ಈ ಹಗ್ಗದ ನೆರಳ ಹೆಂಗ ಸಾಲತೈತಿ?"

ಗದಿಗೆವ್ವ ಹವಾಲ್ದಾರರ ಕೈಯಿಂದ ತುದಿಯನ್ನು ಇಸಿದುಕೊಂಡು, ತಲೆಯ ಮೇಲಿನ ಸಿಂಬೆ ಸುತ್ತುವ ಹಾಗೆ ಸೊಪ್ಪಿನ ಬುಟ್ಟಿಯ ಮೇಲೆ ಸುತ್ತಿನ ಮೇಲೆ ಸುತ್ತು ಸುತ್ತಿದಳು. ಬಿಸಿಲು ಹೊಗುವಷ್ಟು ಸಂದಿಯೂ ಉಳಿಯಲಿಲ್ಲ. ಕೆಳಗೆ ಮೆಂತ್ಯೆ ತಲೆ ಎತ್ತಿತು.

"ಹೋಗು," ಎಂದಳು. "ತುದಿ ನಾ ಹಿಡಕೊಂಡಿರತೀನಿ. ದೂರ ಹೋದಂಗ ಸಡಿಲ ಬಿಡತೀನಿ. ತಿರುಗಿ ತಿರುಗಿ ನೋಡಬ್ಯಾಡ, ತೊಟ್ಟಿಲಾ ಬೀಳತೈತಿ."

ಬಾಳಪ್ಪ ತೊಟ್ಟಿಲು ತಲೆಯ ಮೇಲಿಟ್ಟುಕೊಂಡು ಹೊರಟ. ಹಿಂದೆ ನೆರಳು ಸರಸರ ಸುರುಳಿ ಬಿಚ್ಚುತ್ತ ಹೋಯಿತು. ಸೂಜಿ ಓಣಿಯ ಬಾಯಲ್ಲಿ ಅವನು ಕ್ಷಣ ನಿಂತದ್ದು ನಮಗೆ ತಿಳಿಯಿತು, ಹಗ್ಗ ನಿಂತಿತು. ಆಮೇಲೆ ಮತ್ತೆ ಸರಿಯಿತು. ಎಲ್ಲಿಯೂ ಸಿಕ್ಕದೆ, ತಾಗದೆ, ಸೂಜಿಯೊಳಗೆ ದಾರ ಹೋದ ಹಾಗೆ ಹೋಯಿತು. ನಾವು ಬಜಾರದವರೆಲ್ಲ ಗದಿಗೆವ್ವನ ಬುಟ್ಟಿಯ ಸುತ್ತ ಕೂತು ಅದನ್ನೇ ನೋಡುತ್ತಿದ್ದೆವು. ಕೊನೆಗೆ ಹಗ್ಗ ನಿಂತಿತು. ಬುಟ್ಟಿಯ ಮೇಲೆ ಇನ್ನೂ ಬೇಕಾದಷ್ಟು ಸುತ್ತು ಉಳಿದಿತ್ತು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೆರಳು ಅತ್ತ ಇತ್ತ ಮೆಲ್ಲಗೆ ತೂಗತೊಡಗಿತು.

"ತೊಟ್ಟಿಲದಾಗ ಹಾಕಿದ," ಎಂದಳು ಗದಿಗೆವ್ವ.

"ಹೆಸರ ಏನ ಇಟ್ರಂತ?" ಎಂದು ನಾನು ಕೇಳಿದೆ.

"ನೆರಳ ಹಿಡದ್ರ ಹೆಸರ ಹೆಂಗ ಗೊತ್ತಾಗತೈತೋ ದುಂಡ್ಯಾ? ಸುಮ್ಕ ಕುಂದರು."

ಸುಮ್ಮನೆ ಕೂತೆವು. ನೆರಳು ತೂಗುವುದನ್ನು ನಿಲ್ಲಿಸಿ ಈಗ ಸಣ್ಣಗೆ ನಡುಗುತ್ತಿತ್ತು. ಗದಿಗೆವ್ವನ ಕೈಯಲ್ಲಿದ್ದ ತುದಿ ತೇವವಾಯಿತು, ಅಲ್ಲಿಂದ ಒಂದೊಂದೇ ಹನಿ ಸೊಪ್ಪಿನ ಮೇಲೆ ಬಿತ್ತು. ಅವಳು ನೀರು ಚಿಮುಕಿಸಲು ಎತ್ತಿದ್ದ ತಂಬಿಗೆಯನ್ನು ಕೆಳಗಿಟ್ಟಳು. ಆ ದಿನ ಸೊಪ್ಪಿಗೆ ಬೇರೆ ನೀರು ಬೇಕಾಗಲಿಲ್ಲ, ಸಂಜೆಯವರೆಗೂ ಹಸಿರು ನಳನಳಿಸುತ್ತಿತ್ತು, ಎಲ್ಲವೂ ಮಾರಿಹೋಯಿತು. ಮೆಂತ್ಯೆ ಮಾತ್ರ ತುಸು ಉಪ್ಪಾಗಿತ್ತು ಎಂದು ಕೊಂಡವರು ಮರುದಿನ ಬಂದು ದೂರಿದರು.